ಒಲೆಗೆ ಬರುವ ಮುನ್ನ ನೆಲದಡಿಯಲ್ಲಿ ಗ್ಯಾಸ್‌ಗೆ ಏನಾಗುತ್ತದೆ?

ಕೊಚ್ಚಿಯಿಂದ ಮಂಗಳೂರಿಗೆ ಬರುವ 450 ಕಿಲೋಮೀಟರ್ ಉದ್ದದ ಅನಿಲ ಕೊಳವೆ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಮಾರ್ಗ 2013ರಿಂದಲೇ ಇದೆ. ಒಂದು ಘಟ್ಟದ ಕೆಳಗೆ, ಇನ್ನೊಂದು ಬಯಲುಸೀಮೆಯಲ್ಲಿ. ಇವೆರಡರ ನಡುವಿನ ಕೊಡಗನ್ನು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಜೊತೆ ಸೇರಿಸಿ ನಗರ ಅನಿಲ ವಿತರಣೆಯ ಒಂದೇ ಪ್ರದೇಶವನ್ನಾಗಿ ಮಾಡಲಾಗಿದೆ. ಹಾಗಾಗಿ ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪಗಳಲ್ಲಿ ಈ ಅನಿಲದ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ: ನೈಸರ್ಗಿಕ ಅನಿಲ ಶುದ್ಧ ಇಂಧನ.

ಒಲೆಯ ಮಟ್ಟಿಗೆ ಅದು ನಿಜ. ಹೊಗೆಯಿಲ್ಲ, ಮಸಿಯಿಲ್ಲ, ಕಲ್ಲಿದ್ದಲಿಗೆ ಹೋಲಿಸಿದರೆ ಕಾರ್ಬನ್ ಡೈಆಕ್ಸೈಡ್ ಕೂಡ ಕಡಿಮೆ. ಸೌದೆ ಒಲೆಯ ಮುಂದೆ ಕಣ್ಣು ಕೆಂಪಾಗಿಸಿಕೊಂಡು ಬದುಕು ಸವೆಸಿದ ಹೆಂಗಸರಿರುವ ಜಿಲ್ಲೆಯಲ್ಲಿ ಅದು ಸಣ್ಣ ಮಾತಲ್ಲ. ಆದರೆ ಒಲೆಗೆ ಬರುವುದು ತೊಳೆದು ಬಳಿದು ಬಂದ ಅನಿಲ. ಹಡಗಿನಲ್ಲಿ ಬರುವ ಅನಿಲವನ್ನು ಮೈನಸ್ 162 ಡಿಗ್ರಿಗೆ ತಂಪು ಮಾಡಿ ದ್ರವವಾಗಿಸುತ್ತಾರೆ. ಅಷ್ಟು ಚಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಗಟ್ಟಿಯಾಗಿ ಯಂತ್ರದ ನಾಳಗಳನ್ನೇ ಕಟ್ಟಿಬಿಡುತ್ತದೆ. ಆದ್ದರಿಂದ ಅದನ್ನು ಮೊದಲೇ ಹತ್ತು ಲಕ್ಷಕ್ಕೆ ಐವತ್ತು ಪಾಲಿಗಿಂತ ಕೆಳಕ್ಕೆ ಇಳಿಸಬೇಕು. ಗಂಧಕ, ಪಾದರಸ, ನೀರು ಎಲ್ಲವನ್ನೂ ತೆಗೆಯಬೇಕು. ಅಷ್ಟೂ ಆದ ಮೇಲೆ ಯಾವ ದೇಶದ ಯಾವ ಬಾವಿಯ ಅನಿಲವಾದರೂ ಹೆಚ್ಚು ಕಡಿಮೆ ಒಂದೇ ತರಹ ಕಾಣುತ್ತದೆ. ಬಾವಿಯ ಬಾಯಲ್ಲಿ ಮಾತ್ರ ಅವುಗಳ ನಡುವೆ ಅಜಗಜಾಂತರ. ಒಂದರಲ್ಲಿ ಬಹುತೇಕ ಬರೀ ಮೀಥೇನ್ ಎಂಬ ಉರಿಯುವ ಅನಿಲ, ಇನ್ನೊಂದರಲ್ಲಿ ಮುಕ್ಕಾಲು ಪಾಲು ಉರಿಯದ ಅನಿಲ, ಮತ್ತೊಂದರಲ್ಲಿ ಒಂದೆರಡು ಉಸಿರಿಗೆ ಮನುಷ್ಯನನ್ನು ಕೆಡಹುವ ವಿಷ. ಈ ವ್ಯತ್ಯಾಸವನ್ನು ನಿರ್ಧರಿಸುವುದು ಕಲ್ಲು, ನೀರು, ಶಾಖ ಮತ್ತು ಸೂಕ್ಷ್ಮಜೀವಿಗಳು ಸೇರಿ ನೆಲದಡಿಯಲ್ಲಿ ನಡೆಸುವ ರಾಸಾಯನಿಕ ಕ್ರಿಯೆಗಳು. ‘ಶುದ್ಧ’ ಎಂಬ ಮಾತನ್ನು ಒಪ್ಪುವ ಮೊದಲು ಆ ಕ್ರಿಯೆಗಳ ಲೆಕ್ಕ ಕೇಳಬೇಕು ಎಂಬುದು ನನ್ನ ವಾದ.

ಕೊಡಗಿನ ನೆಲದಡಿ ಅನಿಲವಿಲ್ಲ, ಇರುವ ಸಾಧ್ಯತೆಯೂ ಇಲ್ಲ. ಇಲ್ಲಿನ ಬಂಡೆಗಳು 300 ಕೋಟಿ ವರ್ಷಕ್ಕೂ ಹಳೆಯವು. ಭೂಮಿಯ ಆಳದಲ್ಲಿ ಬೆಂದು, ಒತ್ತಿಸಿಕೊಂಡು, ಹರಳುಗಟ್ಟಿ ಮೇಲೆ ಬಂದವು. ಅನಿಲ ಹುಟ್ಟಲು ಸತ್ತ ಜೀವರಾಶಿಯನ್ನು ಹುದುಗಿಸಿಕೊಂಡ ಕೆಸರಿನ ದಪ್ಪ ಪದರ ಬೇಕು. ಅದು ಸಿಗುವುದು ಕಾವೇರಿಯ ಇನ್ನೊಂದು ತುದಿಯಲ್ಲಿ. ತಲಕಾವೇರಿಯಲ್ಲಿ ಹುಟ್ಟುವ ಹೊಳೆ ಸಮುದ್ರ ಸೇರುವ ತಂಜಾವೂರು, ತಿರುವಾರೂರು, ನಾಗಪಟ್ಟಿಣಂ ಸೀಮೆಯ ಅಡಿಯಲ್ಲಿ ಕಾವೇರಿ ಬೇಸಿನ್ ಎಂಬ ಹಳೆಯ ತಗ್ಗಿದೆ. ಗೊಂಡ್ವಾನ ಭೂಖಂಡ ಸೀಳಿದಾಗ ಉಂಟಾದ ಈ ತಗ್ಗನ್ನು ಪಶ್ಚಿಮದ ಪುರಾತನ ಬಂಡೆಗಳಿಂದ ಸವೆದು ಬಂದ ಮಣ್ಣು ಕೋಟ್ಯಂತರ ವರ್ಷಗಳ ಕಾಲ ತುಂಬಿತು. ಇಂದಿನ ಕಾವೇರಿ ಬಹಳ ತಡವಾಗಿ ಬಂದವಳು. ಆ ಪದರಗಳಿಂದಲೇ ಕೇಂದ್ರ ಸರ್ಕಾರದ ತೈಲ ಕಂಪನಿ ಒಎನ್‌ಜಿಸಿ ದಶಕಗಳಿಂದ ತೈಲ ಮತ್ತು ಅನಿಲ ತೆಗೆಯುತ್ತಿದೆ.

ಅನಿಲ ಹುಟ್ಟುವ ಮೊದಲ ಹಂತವನ್ನು ನೋಡಲು ಮಾತ್ರ ತಂಜಾವೂರಿಗೆ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ನೀರು ನಿಂತ ಯಾವುದಾದರೂ ಗದ್ದೆಯ ಬದುವಿನ ಮೇಲೆ ಕುಳಿತರೆ ಸಾಕು. ಕೆಸರಿಗೆ ಕೋಲು ಚುಚ್ಚಿದರೆ ಗುಳ್ಳೆಗಳು ಮೇಲೇಳುತ್ತವೆ. ಮೂಲೆಯ ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಬಣ್ಣಬಣ್ಣದ ತೆಳು ಪದರವಿರುತ್ತದೆ. ಕೋಲಿನಿಂದ ತಟ್ಟಿದರೆ ಅದು ಚೂರುಚೂರಾಗಿ ಒಡೆಯುತ್ತದೆ. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಕಬ್ಬಿಣ. ಗಾಳಿ ಸೇರದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಮೊದಲು ಅಳಿದುಳಿದ ಆಮ್ಲಜನಕವನ್ನು ಮುಗಿಸುತ್ತವೆ, ಆಮೇಲೆ ನೈಟ್ರೇಟ್, ಆಮೇಲೆ ನಮ್ಮ ಕೆಂಪು ಮಣ್ಣಿನ ಕಬ್ಬಿಣ, ಅದಾದ ಮೇಲೆ ಗಂಧಕ ಮತ್ತು ಆಮ್ಲಜನಕ ಕೂಡಿದ ಸಲ್ಫೇಟ್. ಇವೆಲ್ಲ ತೀರಿದ ಮೇಲೆಯೇ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳ ಸರದಿ. ಮಣ್ಣಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಮೀಥೇನ್ ಕಡಿಮೆಯಾಗುತ್ತದೆ. ಅಮೋನಿಯಂ ಸಲ್ಫೇಟ್ ಗೊಬ್ಬರ ಹಾಕಿದ ಗದ್ದೆಯಿಂದ ಮೀಥೇನ್ ಕಡಿಮೆ ಹೊಮ್ಮುವುದಕ್ಕೂ ಇದೇ ಕಾರಣ.

ಈ ಸರದಿಯ ನಿಯಮ ಸಮುದ್ರದ ತಳದ ಕೆಸರಿಗೂ, ಸಾವಿರ ಮೀಟರ್ ಆಳದ ಪದರಕ್ಕೂ ಅನ್ವಯಿಸುತ್ತದೆ. ಆಳಕ್ಕೆ ಹೋದಂತೆ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿಯಷ್ಟು ಶಾಖ ಏರುತ್ತದೆ. 80 ಡಿಗ್ರಿಯ ಆಸುಪಾಸಿನಲ್ಲಿ ಸೂಕ್ಷ್ಮಜೀವಿಗಳ ಆಟ ಮುಗಿಯುತ್ತದೆ. ಅಲ್ಲಿಂದ ಮುಂದೆ ಶಾಖವೇ ಜೀವದ್ರವ್ಯವನ್ನು ಒಡೆದು ತೈಲವಾಗಿಸುತ್ತದೆ, ಇನ್ನೂ ಬಿಸಿಯಾದರೆ ಆ ತೈಲವನ್ನೂ ಒಡೆದು ಅನಿಲವಾಗಿಸುತ್ತದೆ. ಸೂಕ್ಷ್ಮಜೀವಿಗಳು ಮಾಡಿದ ಅನಿಲ ಬಹುತೇಕ ಬರೀ ಮೀಥೇನ್. ಶಾಖದಿಂದ ಆದದ್ದರಲ್ಲಿ ಈಥೇನ್, ಪ್ರೊಪೇನ್, ಬ್ಯೂಟೇನ್‌ಗಳೂ ಬೆರೆತಿರುತ್ತವೆ. ನಮ್ಮ ಮನೆಯ ಸಿಲಿಂಡರಿನಲ್ಲಿರುವುದು ಈ ಪ್ರೊಪೇನ್ ಮತ್ತು ಬ್ಯೂಟೇನ್. ಮೀಥೇನ್ ಅಲ್ಲ.

ಇಷ್ಟನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಆದರೆ ಅವು ಅನಿಲ ಹುಟ್ಟಿದಲ್ಲಿಗೆ ಕಥೆ ನಿಲ್ಲಿಸಿಬಿಡುತ್ತವೆ. ಅನಿಲ ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ಸುಮ್ಮನೆ ಕೂತು ಕಾಯುತ್ತಿರುತ್ತದೆ ಎಂಬ ಕಲ್ಪನೆ ಅದರಿಂದಲೇ ಬೆಳೆದದ್ದು. ಅದು ತಪ್ಪು. ಅನಿಲ ಸೇರಿದ ಬಂಡೆ ಯಾವುದು, ಅಲ್ಲಿನ ಶಾಖವೆಷ್ಟು, ನೀರಿನಲ್ಲಿ ಏನು ಕರಗಿದೆ ಎಂಬುದರ ಮೇಲೆ ಅದು ಲಕ್ಷಾಂತರ ವರ್ಷ ಬದಲಾಗುತ್ತಲೇ ಇರುತ್ತದೆ.

ಇಂಥ ಬದಲಾವಣೆಗಳಲ್ಲಿ ಅತ್ಯಂತ ಕ್ರೂರವಾದದ್ದು ಸುಣ್ಣದಕಲ್ಲಿನ ಪದರಗಳಲ್ಲಿ ನಡೆಯುತ್ತದೆ. ಹಿಂದೊಮ್ಮೆ ಆಳವಿಲ್ಲದ ಬಿಸಿ ಸಮುದ್ರ ಒಣಗಿದ ಕಡೆಗಳಲ್ಲಿ ಸುಣ್ಣದಕಲ್ಲಿನ ಜೊತೆ ಜಿಪ್ಸಮ್ ಕೂಡ ಪದರಗಟ್ಟಿರುತ್ತದೆ. ಆಳದಲ್ಲಿ ಅದು ನೀರು ಕಳೆದುಕೊಂಡು ಅನ್‌ಹೈಡ್ರೈಟ್ ಆಗುತ್ತದೆ. ಶಾಖ 100ರಿಂದ 140 ಡಿಗ್ರಿಯ ಮಟ್ಟ ದಾಟಿದ ಮೇಲೆ ಈ ಸಲ್ಫೇಟ್ ಖನಿಜ ಮತ್ತು ಹೈಡ್ರೋಕಾರ್ಬನ್ (ಹೈಡ್ರೋಜನ್ ಮತ್ತು ಕಾರ್ಬನ್ ಸೇರಿದ ತೈಲ, ಅನಿಲದಂಥ ಇಂಧನ) ಪರಸ್ಪರ ವರ್ತಿಸಲು ಆರಂಭಿಸುತ್ತವೆ. ಸಲ್ಫೇಟಿನ ಆಮ್ಲಜನಕ ಇಂಧನದ ಕಾರ್ಬನ್‌ಗೆ ಅಂಟಿಕೊಂಡು ಕಾರ್ಬನ್ ಡೈಆಕ್ಸೈಡ್ ಅಥವಾ ಹೊಸ ಸುಣ್ಣದಕಲ್ಲು ಆಗುತ್ತದೆ. ಇಂಧನದ ಹೈಡ್ರೋಜನ್ ಗಂಧಕಕ್ಕೆ ಸೇರಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಉಳಿದದ್ದು ನೀರು. ಅಂದರೆ ಬೆಂಕಿಯಿಲ್ಲದೆ, ಗಾಳಿಯಿಲ್ಲದೆ, ಬಂಡೆಯೊಳಗೇ ಇಂಧನ ಸುಟ್ಟುಹೋಗುತ್ತದೆ. ಹೀಗೆ ಉಂಟಾದ ಹೈಡ್ರೋಜನ್ ಸಲ್ಫೈಡ್ ಆ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಮೊದಲು ಹೋಗುವುದು ಬ್ಯೂಟೇನ್, ಪ್ರೊಪೇನ್, ಈಥೇನ್. ಮೀಥೇನ್ ಗಟ್ಟಿ ಆಸಾಮಿ, ಕೊನೆಯವರೆಗೂ ಉಳಿಯುತ್ತದೆ. ಹಾಗಾಗಿ ಬಹಳ ಕಾಲ ಈ ಕ್ರಿಯೆಗೆ ಒಳಗಾದ ಬಾವಿಯಲ್ಲಿ ಸಿಗುವುದು ಮೀಥೇನ್, ಕಾರ್ಬನ್ ಡೈಆಕ್ಸೈಡ್ ಮತ್ತು ವಿಷ.

ಫ್ರಾನ್ಸಿನ ಲಾಕ್ ಎಂಬಲ್ಲಿ 1951ರಲ್ಲಿ ಇಂಥ ಅನಿಲ ಸಿಕ್ಕಿತು. ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಸುಮಾರು ಶೇ. 15ರಷ್ಟಿತ್ತು. ಬಾವಿಗೆ ಇಳಿಸಿದ ಉಕ್ಕಿನ ಕೊಳವೆಗಳು ಗಾಜಿನಂತೆ ಬಿರಿದವು. ಅದನ್ನು ತಡೆಯಬಲ್ಲ ಉಕ್ಕನ್ನು ರೂಪಿಸಿ ಉತ್ಪಾದನೆ ಆರಂಭಿಸುವಷ್ಟರಲ್ಲಿ 1957 ಬಂದಿತ್ತು. ಚೀನಾದ ಸಿಚುವಾನ್ ಬೇಸಿನ್ ಕೂಡ ಇದೇ ಜಾತಿಯದು. 2003ರ ಡಿಸೆಂಬರ್ 23ರ ರಾತ್ರಿ ಚೊಂಗ್‌ಚಿಂಗ್ ಆಡಳಿತದ ಕೈಶಿಯಾನ್ ಎಂಬಲ್ಲಿ ಬಾವಿಯೊಂದು ಸ್ಫೋಟಿಸಿ ಹೈಡ್ರೋಜನ್ ಸಲ್ಫೈಡ್ ಹಳ್ಳಿಗಳ ಮೇಲೆ ಹರಿಯಿತು. 243 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಆ ಬಾವಿಯ ಅನಿಲವನ್ನು ಎಂದೂ ಉರಿಸದ ರೈತಾಪಿ ಜನ. ಆ ಅನಿಲ ಗಾಳಿಗಿಂತ ಭಾರ. ತಗ್ಗು ಹುಡುಕಿಕೊಂಡು ಹರಿಯುತ್ತದೆ. ಬೆಟ್ಟದ ಸಂದಿನ ಬಯಲುಗಳಲ್ಲಿ ಮನೆ ಕಟ್ಟಿಕೊಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ಮುಂಬೈ ಕಡಲಿನ ಬಸ್ಸೀನ್ ಕ್ಷೇತ್ರದ ಅನಿಲ ಸುಣ್ಣದಕಲ್ಲಿನಿಂದ ಬರುವಂಥದು. ಅದರಲ್ಲಿ ಗಂಧಕವಿದೆ. ಅದನ್ನು ಗುಜರಾತಿನ ಹಜೀರಾಕ್ಕೆ ತಂದು ಗಂಧಕ ಬೇರ್ಪಡಿಸಿದ ಮೇಲೆಯೇ ಉತ್ತರಕ್ಕೆ ಕಳುಹಿಸುತ್ತಾರೆ. ಕೃಷ್ಣಾ–ಗೋದಾವರಿ ಆಳಸಮುದ್ರದ ಅನಿಲವಾದರೋ ಮರಳುಗಲ್ಲಿನದು, ಬಹುತೇಕ ಶುದ್ಧ ಮೀಥೇನ್. ಒಂದೇ ದೇಶ, ಒಂದೇ ಇಂಧನ. ಕಲ್ಲು ಬೇರೆಯಾದದ್ದಕ್ಕೆ ಗುಣವೂ ಬೇರೆ.

ಮರಳುಗಲ್ಲಿನ ಬಗ್ಗೆ ಇನ್ನೂ ಒಂದು ಮಾತಿದೆ. ಹೈಡ್ರೋಜನ್ ಸಲ್ಫೈಡ್ ಅಲ್ಲಿಯೂ ಹುಟ್ಟಬಹುದು, ಆದರೆ ಉಳಿಯುವುದು ಕಷ್ಟ. ಮರಳಿನ ಕಣಗಳಿಗೆ ಮೆತ್ತಿಕೊಂಡ ಕಬ್ಬಿಣ ಅದನ್ನು ಹಿಡಿದು ಪೈರೈಟ್ ಎಂಬ ಹೊಳೆಯುವ ಖನಿಜವನ್ನಾಗಿ ಮಾಡುತ್ತದೆ. ಸುಣ್ಣದಕಲ್ಲಿನಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ವಿಷ ಅಲ್ಲಿ ಜಮೆಯಾಗುತ್ತದೆ. ಗೋಬರ್ ಗ್ಯಾಸ್ ಇರುವ ಮನೆಯವರು ಈ ಕ್ರಿಯೆಯನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಶೇ. 55ರಿಂದ 65, ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್, ಜೊತೆಗೆ ಸ್ವಲ್ಪ ಹೈಡ್ರೋಜನ್ ಸಲ್ಫೈಡ್. ವಾಲ್ವ್ ತಿರುಗಿಸಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಅದರದೇ. ಹಿತ್ತಾಳೆಯ ವಾಲ್ವ್ ಕಪ್ಪಾಗುವುದು, ಬರ್ನರಿನ ರಂಧ್ರಗಳು ತಿಂದುಹೋಗುವುದು ಅದರಿಂದಲೇ. ತಡೆಯಲು ಕೊಳವೆಯ ದಾರಿಯಲ್ಲಿ ಒಂದು ಡಬ್ಬಿಯಿಟ್ಟು ತುಕ್ಕು ಹಿಡಿದ ಕಬ್ಬಿಣದ ತುರಿಯನ್ನು ತುಂಬುತ್ತಾರೆ. ಕೆಲವು ವಾರಗಳಲ್ಲಿ ಕೆಂಪು ತುರಿ ಕಪ್ಪಾಗುತ್ತದೆ, ಅನಿಲದ ವಾಸನೆ ಇಳಿಯುತ್ತದೆ. ಆ ಕಪ್ಪು ತುರಿಯನ್ನು ಹೊರಗೆ ಗಾಳಿಗೆ ಹರಡಿದರೆ ಮತ್ತೆ ಕೆಂಪಿಗೆ ತಿರುಗುತ್ತದೆ. ಆಗ ಅದು ಬಿಸಿಯಾಗುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುವುದೂ ಉಂಟು. ಆದ್ದರಿಂದ ಒಣ ಎಲೆಯ ರಾಶಿಯ ಪಕ್ಕ ಸುರಿಯಬಾರದು, ನೀರು ಚಿಮುಕಿಸಿ ಹರಡಬೇಕು.

ತೆಗೆದ ಗಂಧಕ ಎಲ್ಲಿಗೆ ಹೋಗುತ್ತದೆ? ದೊಡ್ಡ ಸ್ಥಾವರಗಳಲ್ಲಿ ಹೈಡ್ರೋಜನ್ ಸಲ್ಫೈಡನ್ನು ಅರೆಬರೆ ಸುಟ್ಟು ಹಳದಿ ಗಂಧಕವನ್ನಾಗಿ ಮಾಡುತ್ತಾರೆ. 1883ರಲ್ಲಿ ಕ್ಲಾಸ್ ಎಂಬ ರಸಾಯನಶಾಸ್ತ್ರಜ್ಞ ಪೇಟೆಂಟ್ ಪಡೆದ ವಿಧಾನವೇ ಇಂದಿಗೂ ಅದಕ್ಕೆ ಆಧಾರ. ಜಗತ್ತಿನ ಮಾರುಕಟ್ಟೆಗೆ ಬರುವ ಗಂಧಕದಲ್ಲಿ ಬಹುಪಾಲು ಈಗ ಗಣಿಯದಲ್ಲ, ತೈಲ ಮತ್ತು ಅನಿಲ ಶುದ್ಧೀಕರಣದ ಉಪೋತ್ಪನ್ನ. ಅದರಿಂದ ಗಂಧಕಾಮ್ಲ, ಗಂಧಕಾಮ್ಲದಿಂದ ರಸಗೊಬ್ಬರ ಮತ್ತು ಮೈಲುತುತ್ತು. ಮುಂಗಾರಿಗೆ ಮುಂಚೆ ಕಾಫಿ ಗಿಡಕ್ಕೂ ಮೆಣಸಿನ ಬಳ್ಳಿಗೂ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿರುವ ಗಂಧಕ, ಅರಬ್ಬರ ನಾಡಿನ ಯಾವುದೋ ಸುಣ್ಣದಕಲ್ಲಿನ ಆಳದಲ್ಲಿ ಅನಿಲವನ್ನು ಕೆಡಿಸಿದ ಗಂಧಕವೇ ಆಗಿರಬಹುದು. ಕೊಳವೆ ಅನಿಲ ಬರುವ ಬಹಳ ಮೊದಲೇ ಅದರ ರಸಾಯನಶಾಸ್ತ್ರ ನಮ್ಮ ತೋಟಕ್ಕೆ ಬಂದಿದೆ. ಅಂದಹಾಗೆ, ಅಷ್ಟು ಕಷ್ಟಪಟ್ಟು ಗಂಧಕ ತೆಗೆದ ಅನಿಲಕ್ಕೆ ಕೊನೆಯಲ್ಲಿ ಮತ್ತೆ ಅತ್ಯಲ್ಪ ಪ್ರಮಾಣದ ಗಂಧಕ ಸಂಯುಕ್ತವನ್ನು ಬೆರೆಸುತ್ತಾರೆ. ಸೋರಿದರೆ ಮೂಗಿಗೆ ಗೊತ್ತಾಗಲಿ ಎಂದು.

ಗಂಧಕಕ್ಕೆ ಬೆಲೆಯಿದೆ, ಅದಕ್ಕಾಗಿ ಅದರ ಲೆಕ್ಕ ಸಿಗುತ್ತದೆ. ಕಾರ್ಬನ್ ಡೈಆಕ್ಸೈಡ್‌ಗೆ ಬೆಲೆಯಿಲ್ಲ. ನನಗೆ ಹೆಚ್ಚು ಕಳವಳ ತರುವುದು ಅದು. ಆಳದ ಶಾಖದಲ್ಲಿ ಸುಣ್ಣದ ಖನಿಜಗಳೂ ಜೇಡಿ ಖನಿಜಗಳೂ ವರ್ತಿಸಿದರೆ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಕೆಲವೆಡೆ ಇನ್ನೂ ಆಳದ ಶಿಲಾಪಾಕದಿಂದ ಮೇಲೇರಿ ಬರುತ್ತದೆ. ಇಂಡೊನೇಷ್ಯಾದ ನಟುನಾ ಕ್ಷೇತ್ರ 1973ರಲ್ಲೇ ಪತ್ತೆಯಾದರೂ ಅದರ ಸುಮಾರು ಶೇ. 70 ಭಾಗ ಕಾರ್ಬನ್ ಡೈಆಕ್ಸೈಡ್ ಆದ್ದರಿಂದ ಅದನ್ನು ಮುಟ್ಟುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಆಸ್ಟ್ರೇಲಿಯಾದ ಗೋರ್ಗನ್ ಕ್ಷೇತ್ರದಲ್ಲಿ ಅದು ಶೇ. 14ರಷ್ಟು. ಈ ಹೆಸರನ್ನು ನಾವು ನೆನಪಿಡಬೇಕು, ಏಕೆಂದರೆ ಗೋರ್ಗನ್ ಯೋಜನೆಯ ದ್ರವ ಅನಿಲವನ್ನು ಕೊಚ್ಚಿಯ ಟರ್ಮಿನಲ್‌ಗೆ ತರಿಸಲು ದೀರ್ಘಾವಧಿಯ ಒಪ್ಪಂದವಿದೆ. ಕೊಚ್ಚಿಯ ಅನಿಲವೇ ಮಂಗಳೂರಿಗೆ ಹರಿಯುವುದು. ಬೇರ್ಪಡಿಸಿದ ಕಾರ್ಬನ್ ಡೈಆಕ್ಸೈಡನ್ನು ಬ್ಯಾರೋ ದ್ವೀಪದಡಿಯಲ್ಲಿ ಹುಗಿಯಬೇಕು ಎಂಬ ಷರತ್ತಿನ ಮೇಲೆ ಆ ಯೋಜನೆಗೆ ಅನುಮತಿ ಸಿಕ್ಕಿತ್ತು. ಅನಿಲ ಉತ್ಪಾದನೆ 2016ರಲ್ಲಿ ಶುರುವಾಯಿತು, ಹುಗಿಯುವ ಕೆಲಸ 2019ರ ಆಗಸ್ಟ್‌ನಲ್ಲಿ. ನಡುವಿನ ವರ್ಷಗಳದ್ದು ಆಕಾಶ ಸೇರಿತು. ಶುರುವಾದ ಮೇಲೂ ಉದ್ದೇಶಿಸಿದ್ದಕ್ಕಿಂತ ಬಹಳ ಕಡಿಮೆ ಪ್ರಮಾಣವನ್ನು ಮಾತ್ರ ಹುಗಿಯಲು ಸಾಧ್ಯವಾಗಿದೆ.

ಆ ಅನಿಲ ಒಲೆಯಲ್ಲಿ ಉರಿದಾಗ ನೀಲಿ ಜ್ವಾಲೆಯಷ್ಟೇ ಕಾಣುತ್ತದೆ. ಬಾವಿಯ ಬಾಯಲ್ಲಿ ಬೇರ್ಪಡಿಸಿ ಬಿಟ್ಟದ್ದು ಆಸ್ಟ್ರೇಲಿಯಾದ ಖಾತೆಗೆ ಹೋಗುತ್ತದೆ, ಒಲೆಯದ್ದು ಮಾತ್ರ ನಮ್ಮ ಖಾತೆಗೆ. ಮಳೆಯ ಲಯ ಕೆಟ್ಟರೆ ಮೊದಲು ಪೆಟ್ಟು ತಿನ್ನುವ ಜಿಲ್ಲೆಯಿದು. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡವರು ನಾವು. ಎರಡೂ ಖಾತೆಗಳನ್ನು ಕೂಡಿಸಿ ನೋಡುವ ಹಕ್ಕು ನಮಗಿದೆ. ಕಾರ್ಬನ್ ಡೈಆಕ್ಸೈಡನ್ನು ಹುಗಿಯುವುದು ಮಾಡಲಾಗದ ಕೆಲಸವೇನೂ ಅಲ್ಲ. ನಾರ್ವೆಯಲ್ಲಿ 1991ರಲ್ಲಿ ಕಾರ್ಬನ್ ತೆರಿಗೆ ಹಾಕಿದ್ದರಿಂದಲೇ ಸ್ಲೈಪ್ನರ್ ಕ್ಷೇತ್ರದ ಅನಿಲದಲ್ಲಿದ್ದ ಸುಮಾರು ಶೇ. 9ರಷ್ಟು ಕಾರ್ಬನ್ ಡೈಆಕ್ಸೈಡನ್ನು 1996ರಿಂದ ಸಮುದ್ರದಡಿಗೆ ಒತ್ತಲಾಗುತ್ತಿದೆ.

ನೈಟ್ರೋಜನ್ ವಿಷಯ ಇಷ್ಟು ಗಂಭೀರವಲ್ಲ. ನೆದರ್ಲೆಂಡ್ಸ್‌ನ ಗ್ರೋನಿಂಗನ್ ಅನಿಲದಲ್ಲಿ ಅದು ಸುಮಾರು ಶೇ. 14. ಅದು ವಿಷವಲ್ಲ, ಉರಿಯುವುದೂ ಇಲ್ಲ. ಇಡೀ ದೇಶದ ಬರ್ನರುಗಳನ್ನು ಆ ಅನಿಲಕ್ಕೆ ಹೊಂದಿಸಿದ್ದರಿಂದ, ಭೂಕಂಪಗಳ ಕಾರಣಕ್ಕೆ ಆ ಕ್ಷೇತ್ರ ಮುಚ್ಚಿದ ಮೇಲೂ ಹೊರಗಿನ ಅನಿಲಕ್ಕೆ ನೈಟ್ರೋಜನ್ ಬೆರೆಸಿ ಕೊಡಬೇಕಾಗಿದೆ.

ಸೂಕ್ಷ್ಮಜೀವಿಗಳು ಅನಿಲವನ್ನು ತಿನ್ನುವುದೂ ಉಂಟು. ತಣ್ಣನೆಯ ಪದರಗಳಲ್ಲಿ ಅವು ಮೊದಲು ಪ್ರೊಪೇನ್‌ಗೆ ಬಾಯಿ ಹಾಕುತ್ತವೆ, ಅದರಲ್ಲೂ ಹಗುರ ಕಾರ್ಬನ್ ಇರುವ ಅಣುಗಳಿಗೆ. ಉಳಿದ ಪ್ರೊಪೇನ್‌ನಲ್ಲಿ ಭಾರದ ಕಾರ್ಬನ್‌ನ ಪಾಲು ಹೆಚ್ಚುತ್ತದೆ. ಅದೇ ರೀತಿ ಸೂಕ್ಷ್ಮಜೀವಿಗಳು ಮಾಡಿದ ಮೀಥೇನ್‌ನಲ್ಲಿ ಹಗುರ ಕಾರ್ಬನ್ ಹೆಚ್ಚು, ಶಾಖದಿಂದಾದದ್ದರಲ್ಲಿ ಕಡಿಮೆ. ಪ್ರಯೋಗಾಲಯದಲ್ಲಿ ಇದನ್ನು ಅಳೆದು ಅನಿಲದ ಜಾತಕ ಹೇಳಬಹುದು. ಕಾವೇರಿಯ ಮುಖಜ ಭೂಮಿಯ ರೈತರಿಗೆ ಇದು ಜೀವನ್ಮರಣದ ಪ್ರಶ್ನೆ. ತಮಿಳುನಾಡಿನ ನೆಡುವಾಸಲ್ ಎಂಬ ಹಳ್ಳಿಯಲ್ಲಿ 2017ರಲ್ಲಿ ಹೈಡ್ರೋಕಾರ್ಬನ್ ಯೋಜನೆಯ ವಿರುದ್ಧ ದೊಡ್ಡ ಹೋರಾಟ ನಡೆಯಿತು. 2020ರಲ್ಲಿ ತಮಿಳುನಾಡು ಆ ಸೀಮೆಯನ್ನು ಸಂರಕ್ಷಿತ ಕೃಷಿ ವಲಯ ಎಂದು ಕಾನೂನು ಮಾಡಿತು. ಬಾವಿಯ ನೀರಿನಲ್ಲಿ ಮೀಥೇನ್ ಕಂಡರೆ ಅದು ಗದ್ದೆಯ ಕೆಸರಿನದೋ, ಸೋರಿದ ಕೊಳವೆಯದೋ ಎಂದು ವಾದಿಸುತ್ತ ಕೂರಬೇಕಾಗಿಲ್ಲ. ಮುಂಚಿತವಾಗಿ ಮಾದರಿ ತೆಗೆದಿಟ್ಟಿದ್ದರೆ ಹಗುರ ಮತ್ತು ಭಾರದ ಕಾರ್ಬನ್‌ನ ಪಾಲನ್ನು ಅಳೆಯುವ ಈ ಪರೀಕ್ಷೆ, ಅಂದರೆ ಐಸೊಟೋಪ್ ಪರೀಕ್ಷೆ, ಉತ್ತರ ಕೊಡುತ್ತದೆ. ಕೊರೆಯುವ ಮುನ್ನವೇ ಅಂಥ ಮಾದರಿ ತೆಗೆಯುವುದನ್ನು ಕಡ್ಡಾಯ ಮಾಡಬೇಕು. ಕಾವೇರಿ ನೀರಿನ ವಿಷಯದಲ್ಲಿ ನಮಗೂ ಅವರಿಗೂ ನೂರು ಜಗಳವಿರಬಹುದು, ಈ ಬೇಡಿಕೆಯಲ್ಲಿ ನಾನು ಅವರ ಪರ.

ಈಗ ಇನ್ನೊಂದು ಚರ್ಚೆ ಶುರುವಾಗಿದೆ. ಖಾಲಿಯಾದ ಬಾವಿಗಳಲ್ಲಿ ಅನಿಲ ಕೂಡಿಡುವುದು, ಮುಂದೆ ಹೈಡ್ರೋಜನ್ ಕೂಡಿಡುವುದು. 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಹಸಿರು ಹೈಡ್ರೋಜನ್ ಯೋಜನೆಯ ಗುರಿ 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆ. ಅಷ್ಟನ್ನು ಎಲ್ಲೋ ಇಡಬೇಕಲ್ಲ. ಉಪ್ಪಿನ ಪದರದ ಗುಹೆಗಳಲ್ಲಿ ಹೈಡ್ರೋಜನ್ ಸುರಕ್ಷಿತವಾಗಿ ಉಳಿಯುತ್ತದೆ. ಇಂಗ್ಲೆಂಡಿನ ಟೀಸೈಡ್‌ನಲ್ಲಿ 1972ರಿಂದ ಇಟ್ಟಿದ್ದಾರೆ. ಮರಳುಗಲ್ಲಿನ ಹಳೆಯ ಪದರಗಳ ಕಥೆ ಬೇರೆ. ಚೆಕ್ ನಾಡಿನ ಲೊಬೋದಿತ್ಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೈಡ್ರೋಜನ್ ಇದ್ದ ಅನಿಲವನ್ನು ಅಂಥ ಪದರಕ್ಕೆ ತುಂಬಿದ್ದರು. ಕೆಲವು ತಿಂಗಳ ಬಳಿಕ ತೆಗೆದು ನೋಡಿದರೆ ಹೈಡ್ರೋಜನ್ ಶೇ. 54ರಿಂದ 37ಕ್ಕೆ ಇಳಿದಿತ್ತು, ಮೀಥೇನ್ ಶೇ. 22ರಿಂದ 40ಕ್ಕೆ ಏರಿತ್ತು. ಗದ್ದೆಯ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳ ಬಂಧುಗಳೇ ಅಲ್ಲಿ ನಾಲ್ಕು ಅಣು ಹೈಡ್ರೋಜನ್ ಮತ್ತು ಒಂದು ಅಣು ಕಾರ್ಬನ್ ಡೈಆಕ್ಸೈಡ್ ತಿಂದು ಒಂದು ಅಣು ಮೀಥೇನ್ ಬಿಟ್ಟಿದ್ದವು. ಐದು ಪಾಲು ಅನಿಲ ಹೋಗಿ ಒಂದು ಪಾಲು. ಪದರದ ನೀರಿನಲ್ಲಿ ಸಲ್ಫೇಟ್ ಇದ್ದರೆ ಮೀಥೇನ್ ಬದಲು ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಖಾಲಿ ಬಾವಿ ಎಂದರೆ ಖಾಲಿ ಪಾತ್ರೆ ಎಂದು ಎಣಿಸಿ ಯೋಜನೆ ಹಾಕುವವರು ಈ ಅಂಕಿಗಳನ್ನು ಮೊದಲು ಓದಬೇಕು.

ಕೊಡಗಿನ ಕೈಯಲ್ಲೇ ಇರುವ ಅನಿಲದ ಬಗ್ಗೆ ಹೇಳದಿದ್ದರೆ ಈ ವಿಷಯ ಪೂರ್ಣವಾಗುವುದಿಲ್ಲ. ಕಾಫಿ ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಹೊರಬರುವ ಕಂದು ನೀರು ತೋಡುಗಳ ಮೂಲಕ ಕಾವೇರಿಗೆ ಸೇರುವ ಸಮಸ್ಯೆ ಹಳೆಯದು. ಅದೇ ನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ಮೀಥೇನ್ ಸಿಗುತ್ತದೆ, ಹೊಳೆಯೂ ಉಳಿಯುತ್ತದೆ. ಆದರೆ ಪಲ್ಪಿಂಗ್ ನೀರು ಹುಳಿ. ಮೀಥೇನ್ ತಯಾರಿಸುವ ಜೀವಿಗಳಿಗೆ ಹುಳಿ ಆಗದು. ಸುಣ್ಣ ಹಾಕಿ ಹದಕ್ಕೆ ತರದಿದ್ದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಿ, ಉರಿ ಹಿಡಿಯದ ಅನಿಲ ಬರುತ್ತದೆ. ಸುಗ್ಗಿ ಕೆಲವೇ ತಿಂಗಳು, ಉಳಿದ ಕಾಲ ಆ ಜೀವಿಗಳು ಉಪವಾಸ. ಆಗ ಸಗಣಿ ಕೊಟ್ಟು ಅವನ್ನು ಉಳಿಸಿಕೊಳ್ಳಬೇಕು. ವಾಹನಕ್ಕೆ ತುಂಬುವ ಜೈವಿಕ ಅನಿಲದಲ್ಲಿ ಕನಿಷ್ಠ ಶೇ. 90 ಮೀಥೇನ್ ಇರಬೇಕೆಂದು ನಮ್ಮ ಮಾನಕ ಹೇಳುತ್ತದೆ. ಒಂಟಿ ತೋಟಕ್ಕೆ ಅಂಥ ಶುದ್ಧೀಕರಣ ದುಬಾರಿ, ಹತ್ತಾರು ತೋಟಗಳ ಸಹಕಾರ ಸಂಘಕ್ಕೆ ಅಲ್ಲ. ಜೇನು, ಅಕ್ಕಿ, ಏಲಕ್ಕಿಗೆ ಸಹಕಾರ ಸಂಘ ಕಟ್ಟಿ ಅನುಭವವಿರುವ ಜಿಲ್ಲೆಗೆ ಇದು ಹೊಸ ವಿದ್ಯೆಯಾಗಲಾರದು.

ಒಂದು ಎಚ್ಚರಿಕೆ. ತ್ಯಾಜ್ಯದ ಗುಂಡಿ ಅಥವಾ ತೊಟ್ಟಿಯನ್ನು ಶುಚಿಗೊಳಿಸಲು ಆಳುಗಳನ್ನು ಇಳಿಸುವಾಗ ‘ವಾಸನೆ ಬರುತ್ತಿಲ್ಲ’ ಎಂಬುದನ್ನು ಸುರಕ್ಷತೆಯ ಗುರುತೆಂದು ತಿಳಿಯಬೇಡಿ. ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ ನೂರು ಪಾಲು ಮುಟ್ಟಿದರೆ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗುತ್ತದೆ. ಅದರ ಹತ್ತು ಪಟ್ಟಾದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ, ಎತ್ತಲು ಇಳಿದವನೂ ಅವನ ಹಿಂದೆಯೇ ಬೀಳುತ್ತಾನೆ. ಕೆಸರು ಕಲಕಿದಾಗ ಅದರಲ್ಲಿ ಸಿಕ್ಕಿಕೊಂಡ ಅನಿಲ ಒಮ್ಮೆಲೇ ಏಳುವುದರಿಂದ, ಇಳಿಯುವ ಮುನ್ನ ಸುರಕ್ಷಿತವಾಗಿದ್ದ ಗುಂಡಿ ಇಳಿದ ಮೇಲೆ ಹಾಗಿರುವುದಿಲ್ಲ. ಹೂಳನ್ನು ಪಂಪಿನಿಂದಲೇ ತೆಗೆಸಿ, ಯಾರನ್ನೂ ಇಳಿಸಬೇಡಿ.